ಎತ್ತಿಗೆ ಜ್ವರ, ಎಮ್ಮೆಗೆ ಬರೆ, ಪ್ರಿಂಟರಿಗೆ ರೀ-ಇನ್‌ಸ್ಟಾಲ್!

"ಪ್ರಿಂಟರ್ ಆಫ್‌ಲೈನ್" ಅನ್ನುವ ಎರಡೇ ಎರಡು ಪದಗಳನ್ನು ಬರೆದು ಕೈತೊಳೆದುಕೊಂಡ ಪುಣ್ಯಾತ್ಮ ಎಲ್ಲಾದರೂ ಸಿಕ್ಕರೆ, ಒಂದು ಲೋಟ ಕಾಫಿ ಕೊಡಿಸಿ ಎದುರಿಗೆ ಕೂರಿಸಿಕೊಂಡು ಕೇಳಬೇಕು ಅಂತ ಬಹಳ ದಿನದ ಆಸೆ ನನಗೆ. ಸ್ವಾಮಿ, ಇದನ್ನು ಓದಿದ ಮನುಷ್ಯ ಮುಂದೆ ಏನು ಮಾಡಬೇಕು ಅಂತ ನಿಮ್ಮ ಅಭಿಪ್ರಾಯ?

ನೋಡಿ, ಪ್ರಿಂಟರಿನ ಹಸಿರು ದೀಪ ಉರಿಯುತ್ತಿದೆ. ಟ್ರೇ ತುಂಬ ಹಾಳೆ ಇದೆ. ಟೋನರ್ ಇದೆ. ಕೇಬಲ್ ಸಿಕ್ಕಿಸಿದೆ. ಮೊನ್ನೆ ತಾನೇ ಪ್ರಿಂಟ್ ಬಂದಿತ್ತು. ಆದರೂ ಕಂಪ್ಯೂಟರು ಮಾತ್ರ ಮುಖ ಸಿಂಡರಿಸಿಕೊಂಡು "ಆಫ್‌ಲೈನ್" ಅನ್ನುತ್ತದೆ. ಆಗ ಜನ ಏನು ಮಾಡುತ್ತಾರೆ? ಮೊದಲು ಪ್ರಿಂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರು. ಆಮೇಲೆ ಡ್ರೈವರ್ ಕಿತ್ತು ಹಾಕಿ, ನೂರಾರು ಎಂಬಿಯ ಹೊಸ ಡ್ರೈವರ್ ಇಳಿಸಿಕೊಳ್ಳುತ್ತಾರೆ. ಆಗಲೂ ಆಗಲಿಲ್ಲವೋ, ಫೈರ್‌ವಾಲ್ ಆಫ್. ಆಮೇಲೆ ಫಾರ್ಮ್ಯಾಟ್. ಕೊನೆಗೆ ಹೊಸ ಪ್ರಿಂಟರ್!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಅನ್ನುವ ಗಾದೆ ನಮ್ಮ ಹಿರಿಯರು ಮಾಡಿದ್ದು ಇದಕ್ಕೇ ಇರಬೇಕು :-)

ನಾನು ಹೇಳುತ್ತಿರುವುದು ಲ್ಯಾನ್ ಕೇಬಲ್ ಮೂಲಕ ಮನೆಯ ರೂಟರಿಗೆ ಸಿಕ್ಕಿಸಿದ ಪ್ರಿಂಟರುಗಳ ಬಗ್ಗೆ. ಯುಎಸ್‌ಬಿ ಅಲ್ಲ, ವೈಫೈ ಅಲ್ಲ. ಇವುಗಳಲ್ಲಿ ನಿನ್ನೆಯವರೆಗೆ ಸರಿಯಾಗಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ನಿಂತರೆ ಡ್ರೈವರ್ ಕೆಟ್ಟಿರುವುದು ಅಪರೂಪ. ನಾನು ಬಿಚ್ಚಿ ನೋಡಿದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಸಿಕ್ಕ ಕಾರಣ ಒಂದೇ: ಪ್ರಿಂಟರಿನ ವಿಳಾಸ ಬದಲಾಗಿರುತ್ತದೆ, ಕಂಪ್ಯೂಟರು ಹಳೇ ಬಾಗಿಲನ್ನೇ ತಟ್ಟುತ್ತಾ ಕೂತಿರುತ್ತದೆ. ಇಷ್ಟೇ! ಈ ಇಷ್ಟನ್ನು ಬಳಸುವವನಿಗೆ ಹೇಳದೆ ಮುಚ್ಚಿಡುವುದನ್ನೇ "ಯೂಸರ್ ಫ್ರೆಂಡ್ಲಿ" ಅಂತ ಕರೆಯುತ್ತಾರಲ್ಲ, ನನ್ನ ಜಗಳ ಅದರ ಜೊತೆ.

ಲೀಸಿಗೆ ಕೊಟ್ಟ ಮನೆ

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ "ಲೀಸ್" ಅನ್ನುವ ಪದ ಹೇಳಿಕೊಡಬೇಕಾಗಿಲ್ಲ. ಅವಧಿ ಮುಗಿದ ಮೇಲೆ ಮನೆ ನಿಮ್ಮದಲ್ಲ. ಓನರ್ ಮನಸ್ಸು ಮಾಡಿದರೆ ಮುಂದುವರಿಸಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ನಿಮ್ಮ ಮನೆಯ ರೂಟರು ಮಾಡುವುದೂ ಇದನ್ನೇ, ಅದನ್ನು ಕರೆಯುವುದೂ ಲೀಸ್ ಅಂತಲೇ! ಡಿಎಚ್‌ಸಿಪಿ ಅನ್ನುವ ಪದ್ಧತಿ ಇದೆ. ಇವತ್ತು ನಾವು ಬಳಸುವ ರೂಪದ ಮೂಲ ದಾಖಲೆ ಬಂದದ್ದು 1997ರಲ್ಲಿ. ಪ್ರಿಂಟರು ಎದ್ದ ಕೂಡಲೇ "ಯಾರಾದರೂ ನನಗೊಂದು ವಿಳಾಸ ಕೊಡಿ" ಅಂತ ಇಡೀ ಮನೆಗೆ ಕೇಳುವಂತೆ ಕೂಗುತ್ತದೆ. ರೂಟರು "ತಗೋ, 192.168.1.4, ಇಷ್ಟು ಹೊತ್ತು ಇಟ್ಟುಕೋ" ಅನ್ನುತ್ತದೆ. ಅವಧಿ ಅರ್ಧ ಕಳೆಯುತ್ತಿದ್ದಂತೆ ಪ್ರಿಂಟರು "ಇನ್ನೂ ನಾನೇ ಇದ್ದೀನಿ ಸ್ವಾಮಿ" ಅಂತ ನವೀಕರಣ ಕೇಳಬೇಕು. ಪ್ರಿಂಟರು ಎಚ್ಚರವಾಗಿರುವ ತನಕ ಇದು ಚೆನ್ನಾಗಿಯೇ ನಡೆಯುತ್ತದೆ.

ತೊಂದರೆ ಬರುವುದು ಕರೆಂಟು ಹೋದಾಗ. ನಮ್ಮ ಊರುಗಳಲ್ಲಿ ಏನಾಗುತ್ತದೆ ಅಂದರೆ, ರೂಟರು ಯುಪಿಎಸ್ ಮೇಲೆ ಇರುತ್ತದೆ, ಲೇಸರ್ ಪ್ರಿಂಟರು ಇರುವುದಿಲ್ಲ. ಇರಲೂ ಬಾರದು ಅನ್ನಿ, ಪುಡಿಯನ್ನು ಹಾಳೆಗೆ ಅಂಟಿಸುವ ಅದರ ಹೀಟರು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಮನೆಯ ಸಣ್ಣ ಯುಪಿಎಸ್ ಉಸಿರು ಬಿಡುತ್ತದೆ. ಹಾಗಾಗಿ ಪ್ರಿಂಟರು ಮಲಗುತ್ತದೆ. ಎರಡು ದಿನ ಯಾರೂ ಅದನ್ನು ಹಾಕುವುದೇ ಇಲ್ಲ. ಅಷ್ಟರಲ್ಲಿ ಲೀಸ್ ಮುಗಿದಿರುತ್ತದೆ. ಮನೆಗೆ ಬಂದ ನೆಂಟರ ಫೋನಿಗೆ ರೂಟರು ಅದೇ 192.168.1.4 ಕೊಟ್ಟಿರುತ್ತದೆ. ಮೂರನೇ ದಿನ ಪ್ರಿಂಟರು ಎದ್ದು ಕೂಗಿದರೆ ಸಿಗುವುದು 192.168.1.7.

ಇನ್ನೊಂದು ರೀತಿ. ಯುಪಿಎಸ್ಸೇ ಇಲ್ಲದ ಮನೆಯಲ್ಲಿ ರೂಟರೂ ಮಲಗುತ್ತದೆ. ಎಷ್ಟೋ ಮನೆ ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಅನ್ನುವ ಪಟ್ಟಿಯನ್ನೇ ರೀಸ್ಟಾರ್ಟ್ ಆದಾಗ ಮರೆಯುತ್ತವೆ. ಕರೆಂಟು ಬಂದ ಮೇಲೆ ಮೊದಲು ಕೂಗಿದವರಿಗೆ ಮೊದಲು! ಪ್ರಿಂಟರು ರೂಟರಿಗಿಂತ ಬೇಗ ಎದ್ದು ಕೂಗಿದರೆ ಇನ್ನೂ ಮಜಾ. ಉತ್ತರ ಕೊಡುವವರೇ ಇಲ್ಲವಲ್ಲ. ಆಗ ಅದು ತಾನೇ 169.254 ಅಂತ ಶುರುವಾಗುವ ಒಂದು ವಿಳಾಸ ಇಟ್ಟುಕೊಂಡು ಕೂತುಬಿಡುತ್ತದೆ. 169.254 ಕಂಡಿತು ಅಂದರೆ "ನನಗೆ ಯಾರೂ ಮನೆ ಕೊಡಲಿಲ್ಲ, ಫುಟ್‌ಪಾತ್ ಮೇಲಿದ್ದೀನಿ" ಅಂತಲೇ ಅರ್ಥ.

ಇತ್ತ ಕಂಪ್ಯೂಟರು? ಮೊದಲ ದಿನ ಪ್ರಿಂಟರ್ ಸೇರಿಸಿದಾಗ 192.168.1.4 ಅಂತ ಬರೆದಿಟ್ಟುಕೊಂಡಿದ್ದನ್ನೇ ಹಿಡಿದುಕೊಂಡು ನೆಂಟರ ಫೋನಿಗೆ ಹೋಗಿ "ತಗೋ ಈ ಅರ್ಜಿ ಪ್ರಿಂಟ್ ಮಾಡು" ಅನ್ನುತ್ತದೆ. ಫೋನಿಗೆ ಅದರ ತಲೆಬುಡ ಗೊತ್ತಿಲ್ಲ. ಉತ್ತರ ಇಲ್ಲ. ಆಗ ಕಂಪ್ಯೂಟರಿನ ತೀರ್ಪು ಏನು? "ನಾನು ತಪ್ಪು ಮನೆಗೆ ಹೋಗಿರಬಹುದು" ಅಂತಲ್ಲ. "ಪ್ರಿಂಟರ್ ಆಫ್‌ಲೈನ್" ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಹಾಸನದ ಒಂದು ಪ್ರಕರಣ

ಇದರಿಂದ ಯಾರಿಗೆ ಏನು ನಷ್ಟ, ಎರಡು ಹಾಳೆ ಪ್ರಿಂಟ್ ಆಗಲಿಲ್ಲ ಅಷ್ಟೇ ತಾನೇ ಅಂತೀರಾ? ಕೇಳಿ.

ನನ್ನ ಸೋದರಮಾವ ಹಾಸನದಲ್ಲಿ ವಕೀಲರು. ಮನೆಯ ಮುಂದಿನ ಕೋಣೆಯೇ ಆಫೀಸು. ಅರ್ಜಿ, ಅಫಿಡವಿಟ್ಟು, ನೋಟಿಸು ಎಲ್ಲ ಕನ್ನಡದಲ್ಲೇ ಟೈಪ್ ಮಾಡಿಸಿ, ಹಾಲ್‌ನಲ್ಲಿರುವ ಪ್ರಿಂಟರಿಗೆ ಕಳಿಸುತ್ತಾರೆ. ಒಂದು ಮಳೆಗಾಲದಲ್ಲಿ ಎರಡು ದಿನ ಕರೆಂಟು ಕಣ್ಣುಮುಚ್ಚಾಲೆ ಆಡಿ, ಮೂರನೇ ದಿನ ಪ್ರಿಂಟರು "ಆಫ್‌ಲೈನ್" ಆಯಿತು. ಕಂಪೆನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಸಂಗೀತ. ಆಮೇಲೆ ಬಂದವರು ದೂರದಿಂದಲೇ ಕಂಪ್ಯೂಟರಿನೊಳಗೆ ಇಣುಕಿ, ಡ್ರೈವರ್ ತೆಗೆದು ಹಾಕಿ, "ನಿಮ್ಮ ವಿಂಡೋಸ್ ಕರಪ್ಟ್ ಆಗಿದೆ ಸರ್, ವರ್ಷದ ಸಪೋರ್ಟ್ ಪ್ಯಾಕ್ ತಗೊಳ್ಳಿ" ಅಂದರು. ಮಾವ ತಗೊಳ್ಳಲಿಲ್ಲ. ಬದಲಿಗೆ ಊರಿನ ಒಬ್ಬ ಟೆಕ್ನಿಷಿಯನ್‌ನನ್ನು ಕರೆಸಿದರು. ಆತ 1,500 ರೂಪಾಯಿ ತೆಗೆದುಕೊಂಡು ಫಾರ್ಮ್ಯಾಟ್ ಮಾಡಿದ. ಫಾರ್ಮ್ಯಾಟ್ ಆದ ಮೇಲೆ ಪ್ರಿಂಟರನ್ನು ಹೊಸದಾಗಿ ಹುಡುಕಿ ಸೇರಿಸಿದ್ದರಿಂದ ಪ್ರಿಂಟ್ ಬಂತು. "ನೋಡಿ ಸಾರ್, ವೈರಸ್ ಇತ್ತು" ಅಂತ ಹೇಳಿ ಹೊರಟ. ಡೆಸ್ಕ್‌ಟಾಪ್ ಮೇಲಿದ್ದ ನಾಲ್ಕು ವರ್ಷದ ಕರಡುಗಳು, ಹಳೇ ಕನ್ನಡ ಫಾಂಟುಗಳು ಎಲ್ಲ ಗಂಗಾರ್ಪಣ.

ಹತ್ತು ದಿನದ ಮೇಲೆ ಮತ್ತೆ ಕರೆಂಟು ಹೋಯಿತು. ಮತ್ತೆ ಆಫ್‌ಲೈನ್. ಆಗ ನನಗೆ ಫೋನ್ ಬಂತು.

"ಲೋ, ನಾಳೆ ಹನ್ನೊಂದಕ್ಕೆ ಕೋರ್ಟಲ್ಲಿ ಅಫಿಡವಿಟ್ ಹಾಕ್ಬೇಕು ಕಣೋ. ಈ ದರಿದ್ರದ್ದು ಮತ್ತೆ ಮಲಗಿದೆ. ಇನ್ನೊಂದ್ಸಲ ಫಾರ್ಮ್ಯಾಟ್ ಮಾಡಿಸ್ಬೇಕಾ?"

"ಬೇಡ ಮಾವ. ಪ್ರಿಂಟರಿನ ಮೆನುವಿಗೆ ಹೋಗಿ ನೆಟ್‌ವರ್ಕ್ ರಿಪೋರ್ಟ್ ಅಂತ ಇರುತ್ತೆ, ಅದನ್ನ ಒತ್ತಿ. ಒಂದು ಹಾಳೆ ಬರುತ್ತೆ, ಅದ್ರಲ್ಲಿ ಐಪಿ ಅಡ್ರೆಸ್ ಅಂತ ಎಲ್ಲಿದೆ ಓದಿ."

"192, 168, 1, 7."

"ಈಗ ಕಂಪ್ಯೂಟರಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆಗೆದು, ಪೋರ್ಟ್ಸ್ ಅನ್ನೋ ಕಡೆ ಟಿಕ್ ಆಗಿರೋದು ಏನಿದೆ ನೋಡಿ."

"192, 168, 1, 4. ... ಅಯ್ಯೋ, ಇಷ್ಟೇನಾ?"

ಇಷ್ಟೇ ಮಾವ. ನಾಲ್ಕು ಏಳಾಗಿತ್ತು. ಸಹಾಯವಾಣಿಯವರು, ಟೆಕ್ನಿಷಿಯನ್, ಯಾರೂ ಆ ಹಾಳೆಯನ್ನು ಕೇಳಲೇ ಇಲ್ಲ. 1,500 ರೂಪಾಯಿ ಹೋದದ್ದಲ್ಲ ನನ್ನ ಸಂಕಟ. ನಾಲ್ಕು ವರ್ಷದ ಕೆಲಸ ಅಳಿಸಿ ಹೋಯಿತು, ಒಂದು ಅಂಕಿ ಬದಲಾದ ಕಾರಣಕ್ಕೆ!

ಕೆಳಗಿನಿಂದ ಮೇಲಕ್ಕೆ

ಇಂಜಿನಿಯರಿಂಗ್ ಓದಿದವರಿಗೆ ನೆನಪಿರಬೇಕು. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರಿನಲ್ಲಿ ಓಎಸ್‌ಐ ಮಾಡೆಲ್‌ನ ಏಳು ಲೇಯರ್‌ಗಳನ್ನು ಚಿತ್ರ ಸಮೇತ ವಿವರಿಸಿ ಅನ್ನುವ ಪ್ರಶ್ನೆ. ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್ ಅಂತ ಮಗ್ಗಿ ಹೇಳಿದ ಹಾಗೆ ಹೇಳಿ ಮಾರ್ಕ್ಸ್ ತಗೊಂಡವರು ಎಷ್ಟು ಜನ ಇದ್ದೀರಿ! ಆ ಏಳು ಮೆಟ್ಟಿಲು ಇರುವುದು ಪರೀಕ್ಷೆಗಲ್ಲ ಮಾರಾಯ್ರೆ, ಕೆಟ್ಟದ್ದನ್ನು ಹುಡುಕುವುದಕ್ಕೆ. ಕೆಳಗಿನ ಮೆಟ್ಟಿಲು ಗಟ್ಟಿ ಇದೆಯೋ ನೋಡಿಯೇ ಮೇಲಿನದಕ್ಕೆ ಕಾಲಿಡಬೇಕು. ಡ್ರೈವರ್ ಇರುವುದು ತುತ್ತತುದಿಯಲ್ಲಿ. ನಮ್ಮ ಜನ ಶುರು ಮಾಡುವುದೇ ಅಲ್ಲಿಂದ.

ಸರಿಯಾದ ಕ್ರಮ ಹೀಗಿದೆ:

1. ತಂತಿ. ಪ್ರಿಂಟರಿನ ಹಿಂದೆ ಕೇಬಲ್ ಸಿಕ್ಕಿಸುವ ಜಾಗದಲ್ಲಿ, ರೂಟರಿನ ಆ ಪೋರ್ಟಿನ ಬಳಿ, ಪುಟ್ಟ ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ಮುಂದಿನದೆಲ್ಲ ದಂಡ. ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ. ಬಣ್ಣ ಬೇರೆ ಇರುವ ಅಥವಾ "ವ್ಯಾನ್" ಅಂತ ಬರೆದಿರುವ ಪೋರ್ಟಿಗೆ ಹಾಕಬೇಡಿ, ಅದು ಹೊರಗಿನ ಇಂಟರ್ನೆಟ್ಟಿನದು. ಕೇಬಲ್ಲಿನ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಗುಡಿಸುವಾಗ ತಾಗಿದರೂ ಸಡಿಲವಾಗುತ್ತದೆ. ಇಲಿ ಕಡಿದದ್ದನ್ನೂ ನೋಡಿದ್ದೇನೆ.

2. ವಿಳಾಸ. ಪ್ರಿಂಟರಿನ ಬಾಯಿಯಿಂದಲೇ ಕೇಳಿ, ಕಂಪ್ಯೂಟರಿನ ಚಾಡಿ ಕೇಳಬೇಡಿ. ನೆಟ್‌ವರ್ಕ್ ರಿಪೋರ್ಟಿನ ಹಾಳೆ ತೆಗೆಯಿರಿ. 169.254 ಅಥವಾ 0.0.0.0 ಬಂದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲ. ರೂಟರು ಪೂರ್ತಿ ಎದ್ದ ಮೇಲೆ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ. ರೀಸ್ಟಾರ್ಟಿಗೆ ಅರ್ಥ ಇರುವುದು ಇಲ್ಲಿ!

3. ದಾರಿ. ಕಂಪ್ಯೂಟರಿನ ಬ್ರೌಸರಿನಲ್ಲಿ, ಗೂಗಲ್ ವಿಳಾಸ ಬರೆಯುವ ಜಾಗದಲ್ಲೇ, ಪ್ರಿಂಟರಿನ ಆ ನಾಲ್ಕು ಅಂಕಿಗಳನ್ನು ಬರೆದು ಎಂಟರ್ ಒತ್ತಿ. ನೆಟ್‌ವರ್ಕ್ ಪ್ರಿಂಟರುಗಳಲ್ಲಿ ಬಹುಪಾಲು ತಮ್ಮ ಹೊಟ್ಟೆಯೊಳಗೇ ಒಂದು ಪುಟ್ಟ ವೆಬ್ ಪುಟ ಇಟ್ಟುಕೊಂಡಿರುತ್ತವೆ. ಆ ಪುಟ ತೆರೆದರೆ ತಂತಿ, ವಿಳಾಸ, ದಾರಿ ಮೂರೂ ಸರಿ ಇವೆ ಅಂತ ಒಂದೇ ಏಟಿಗೆ ಗೊತ್ತಾಯಿತು. ಪಿಂಗ್‌ಗಿಂತ ಇದು ಒಳ್ಳೆಯದು. ಪಿಂಗ್‌ಗೆ ನೆಂಟರ ಫೋನೂ ಉತ್ತರ ಕೊಡಬಹುದು, ಪ್ರಿಂಟರಿನ ಪುಟವನ್ನು ಪ್ರಿಂಟರು ಮಾತ್ರ ತೋರಿಸುತ್ತದೆ.

4. ಬಾಗಿಲು. ಈಗ ಕಂಪ್ಯೂಟರಿನ ಕಡೆ ಬನ್ನಿ. ಪ್ರಾಪರ್ಟೀಸಿನ ಪೋರ್ಟ್ಸ್‌ನಲ್ಲಿ ಇರುವ ವಿಳಾಸ, ಹಾಳೆಯಲ್ಲಿರುವ ವಿಳಾಸ ಎರಡೂ ಒಂದೇನಾ? ಅಲ್ಲವಾದರೆ ಹೊಸ "ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್" ಸೇರಿಸಿ ಸರಿಯಾದ ವಿಳಾಸ ಕೊಡಿ. ಸಾಮಾನ್ಯವಾಗಿ ಕೆಲಸ ನಡೆಯುವುದು 9100ನೇ ಬಾಗಿಲಿನಲ್ಲಿ. ವಿಂಡೋಸ್ ತಾನೇ ಹುಡುಕಿ "ಡಬ್ಲ್ಯುಎಸ್‌ಡಿ" ಅನ್ನುವ ಪೋರ್ಟ್ ಹಾಕಿಕೊಂಡಿದ್ದರೆ ಅಲ್ಲಿ ನಿಮಗೆ ಅಂಕಿಯೇ ಕಾಣುವುದಿಲ್ಲ. ಅದು ಕೈಕೊಟ್ಟಾಗ ಬಿಟ್ಟು ಟಿಸಿಪಿ/ಐಪಿ ಪೋರ್ಟಿಗೆ ಬನ್ನಿ. ಅದೇ ಪೋರ್ಟಿನ ಸೆಟ್ಟಿಂಗ್‌ನಲ್ಲಿ "ಎಸ್‌ಎನ್‌ಎಂಪಿ ಸ್ಟೇಟಸ್" ಅನ್ನುವ ಟಿಕ್ ಇರುತ್ತದೆ. ಪ್ರಿಂಟರಿನ ಕ್ಷೇಮ ವಿಚಾರಿಸುವ ಬೇರೆಯದೇ ಪ್ರಶ್ನೆ ಅದು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ ಅಂದರೆ, ಪ್ರಿಂಟರು ಸಿದ್ಧವಾಗಿದ್ದರೂ ವಿಂಡೋಸ್ ಅದನ್ನು ಆಫ್‌ಲೈನ್ ಅಂತ ಸಾರಿಬಿಡುತ್ತದೆ. ಟಿಕ್ ತೆಗೆದು ನೋಡಿ.

5. ಸರದಿ. ಕೊನೆಗೆ ಕ್ಯೂ. ಹಿಂದೆ ಸಿಕ್ಕಿಬಿದ್ದ ಒಂದು ಕೆಲಸ ಮುಂದೆ ನಿಂತಿದ್ದರೆ ಹಿಂದಿನವರೆಲ್ಲ ಕಾಯುತ್ತಾರೆ. ಅದನ್ನು ರದ್ದು ಮಾಡಿ. ಹೋಗದಿದ್ದರೆ ಪ್ರಿಂಟ್ ಸ್ಪೂಲರ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿ.

ಇಷ್ಟೆಲ್ಲ ಸರಿ ಇದ್ದು, ಪ್ರಿಂಟರು ಹಾಳೆಗಟ್ಟಲೆ ಅರ್ಥವಿಲ್ಲದ ಚಿಹ್ನೆ ಉಗುಳುತ್ತಿದೆ ಅಂದರೆ ಆಗ, ಆಗ ಮಾತ್ರ, ಡ್ರೈವರನ್ನು ಅನುಮಾನಿಸಿ. ಪ್ರಿಂಟರಿಗೆ ಬಾರದ ಭಾಷೆಯಲ್ಲಿ ಕಂಪ್ಯೂಟರು ಮಾತಾಡುತ್ತಿದೆ ಅಂತ ಅದರ ಅರ್ಥ. ಸುಮ್ಮನೆ ಉತ್ತರವೇ ಬರದಿದ್ದರೆ ತಪ್ಪು ಭಾಷೆಯದಲ್ಲ, ಮನೆಯದು.

ಒಂದು ಮನೆಯಲ್ಲಿ ಎರಡು ರೂಟರ್

ಇತ್ತೀಚೆಗೆ ಇನ್ನೊಂದು ಕಾಯಿಲೆ ಹೆಚ್ಚಾಗಿದೆ. ಫೈಬರ್ ಇಂಟರ್ನೆಟ್ ಹಾಕಿಸಿದಾಗ ಅವರು ಕೊಡುವ ಪೆಟ್ಟಿಗೆಯೇ ಒಂದು ರೂಟರು. ಮಹಡಿಗೆ ಸಿಗ್ನಲ್ ಬರಲ್ಲ ಅಂತ ಹಳೇ ರೂಟರನ್ನು ಅದಕ್ಕೆ ಸಿಕ್ಕಿಸುತ್ತೇವೆ. ಈಗ ಮನೆಯಲ್ಲಿ ಇಬ್ಬರು ಓನರುಗಳು! ಒಬ್ಬ 192.168.1 ಅನ್ನುವ ಬೀದಿಯಲ್ಲಿ ಮನೆ ಕೊಡುತ್ತಾನೆ, ಇನ್ನೊಬ್ಬ 192.168.0 ಅನ್ನುವ ಬೀದಿಯಲ್ಲಿ. ಪ್ರಿಂಟರು ಒಳಗಿನ ರೂಟರಿನ ಹಿಂದಿದ್ದು, ಲ್ಯಾಪ್‌ಟಾಪು ಹೊರಗಿನ ಪೆಟ್ಟಿಗೆಯ ವೈಫೈನಲ್ಲಿದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಇಂಟರ್ನೆಟ್ಟು ಮಾತ್ರ ಎರಡಕ್ಕೂ ಚೆನ್ನಾಗಿ ಬರುತ್ತದೆ. ಹಾಗಾಗಿ "ನೆಟ್ ಬರ್ತಿದೆಯಲ್ಲ, ಪ್ರಿಂಟರೇ ಕೆಟ್ಟಿದೆ" ಅನ್ನುವ ತೀರ್ಮಾನ.

ಎರಡೂ ವಿಳಾಸ ಪಕ್ಕಪಕ್ಕ ಬರೆದು ನೋಡಿದರೆ ಮೂರನೇ ಅಂಕಿಯಲ್ಲೇ ಕಳ್ಳ ಸಿಕ್ಕಿಬೀಳುತ್ತಾನೆ. ಎರಡನೇ ರೂಟರಿನಲ್ಲಿ "ಆಕ್ಸೆಸ್ ಪಾಯಿಂಟ್ ಮೋಡ್" ಇದ್ದರೆ ಅದಕ್ಕೆ ಬದಲಿಸಿ. ಇಲ್ಲದಿದ್ದರೆ ಅದರ ವಿಳಾಸವನ್ನು ಮೊದಲನೆಯದರ ಬೀದಿಯಲ್ಲೇ ಬೇರೆ ಯಾರಿಗೂ ಸಿಗದ ಒಂದು ಅಂಕಿಗೆ ಬದಲಿಸಿ, ಅದರ ಡಿಎಚ್‌ಸಿಪಿ ನಿಲ್ಲಿಸಿ, ಮೊದಲ ಪೆಟ್ಟಿಗೆಯಿಂದ ಬರುವ ಕೇಬಲ್ಲನ್ನು ವ್ಯಾನ್ ಪೋರ್ಟಿನಿಂದ ತೆಗೆದು ಲ್ಯಾನ್ ಪೋರ್ಟಿಗೆ ಹಾಕಿ. ಒಬ್ಬನೇ ಓನರ್, ಒಂದೇ ಬೀದಿ.

ಇದೇ ಜಾತಿಯ ಇನ್ನೆರಡು: ಗೆಸ್ಟ್ ವೈಫೈ ಇರುವುದೇ ಮನೆಯ ಒಳಗಿನ ಸಾಧನಗಳು ಕಾಣಬಾರದು ಅಂತ, ಅಲ್ಲಿಂದ ಪ್ರಿಂಟ್ ಕೊಟ್ಟರೆ ಹೋಗದು. ಮತ್ತೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿದರೆ, ಕೆಲವು ಕಂಪೆನಿಗಳ ಸೆಟ್ಟಿಂಗ್‌ನಲ್ಲಿ ನಿಮ್ಮ ಮಾತೆಲ್ಲ ನೇರ ಆಫೀಸಿಗೆ ಹೋಗುತ್ತದೆ, ಎರಡು ಮಾರು ದೂರದ ಪ್ರಿಂಟರಿಗಲ್ಲ. 2020ರಿಂದ ಮನೆಯಿಂದ ಕೆಲಸ ಮಾಡಿದವರು ಇದನ್ನು ಚೆನ್ನಾಗಿ ಬಲ್ಲರು.

"ಸಾಮಾನ್ಯ ಜನಕ್ಕೆ ಇದೆಲ್ಲ ಯಾಕ್ರೀ?"

ಈ ಮಾತು ಬಂದೇ ಬರುತ್ತದೆ. ಬರುವುದು ಹೆಚ್ಚಾಗಿ ನಮ್ಮ ಜಾತಿಯವರಿಂದಲೇ, ಅಂದರೆ ಸಾಫ್ಟ್‌ವೇರ್ ಜಾತಿಯವರಿಂದ. ಜನಕ್ಕೆ ಐಪಿ ಅಡ್ರೆಸ್ ತೋರಿಸಿದರೆ ಹೆದರುತ್ತಾರಂತೆ. ಅದಕ್ಕೇ ಒಳಗಿನದನ್ನೆಲ್ಲ ಮುಚ್ಚಿ, ಮೇಲೊಂದು ಚೆಂದದ ಚಿತ್ರ ಇಟ್ಟು "ಆಫ್‌ಲೈನ್" ಅನ್ನುವುದಂತೆ.

ಯಾವ ಜನ ಸ್ವಾಮಿ? ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು ನೋಡಿ ಯಾವ ಗುಂಟೆ ಯಾರದ್ದು ಅಂತ ಬಾಯಲ್ಲೇ ಹೇಳುವ ರೈತ ಸಾಮಾನ್ಯ ಜನ ಅಲ್ಲವೇ? ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಗ್ಯಾಸಿನ ಕನ್ಸ್ಯೂಮರ್ ನಂಬರು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು, ಆಧಾರಿನ 12 ಅಂಕಿ ಇವೆಲ್ಲವನ್ನೂ ನಮ್ಮ ಅಮ್ಮಂದಿರು ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡು ಸಂಸಾರ ನಡೆಸಿಲ್ಲವೇ? ಅವರಿಗೆ ಚುಕ್ಕಿ ಇಟ್ಟ ನಾಲ್ಕು ಅಂಕಿ ಹೆಚ್ಚಾಯಿತೇ? ಜನ ಹೆದರುವುದು ಅಂಕಿಗಲ್ಲ. ಏನೂ ಹೇಳದೆ ಬಾಯಿ ಮುಚ್ಚಿಕೊಂಡು ಕೂತ ಯಂತ್ರಕ್ಕೆ.

"192.168.1.4 ವಿಳಾಸದಲ್ಲಿ ಪ್ರಿಂಟರ್ ಸಿಗಲಿಲ್ಲ. ಪ್ರಿಂಟರಿನ ವಿಳಾಸ ಬದಲಾಗಿರಬಹುದು, ನೋಡಿ." ಇಷ್ಟು ಬರೆಯಲು ಎಷ್ಟು ಖರ್ಚು? ಯಾವ ವಿಳಾಸಕ್ಕೆ ಹೋದೆ, ಯಾವ ಬಾಗಿಲು ತಟ್ಟಿದೆ, ಎಷ್ಟು ಹೊತ್ತು ಕಾದೆ ಅನ್ನುವುದೆಲ್ಲ ಕಂಪ್ಯೂಟರಿಗೆ ಗೊತ್ತಿದೆ. ಗೊತ್ತಿದ್ದೂ ಹೇಳುವುದಿಲ್ಲ. ಇದು ಭದ್ರತೆಯ ಗುಟ್ಟೂ ಅಲ್ಲ. 192.168ರಿಂದ ಶುರುವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆ ಅಂತಲೇ ಮೀಸಲಿಟ್ಟ ನಿಯಮ 1996ರಿಂದ ಇದೆ. ಲೋಕದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಇವೇ ಅಂಕಿಗಳು ಇವೆ. ನನ್ನ ಪ್ರಿಂಟರು 192.168.1.7 ಅಂತ ಊರಿಗೆಲ್ಲ ಡಂಗುರ ಸಾರಿದರೂ ಯಾರೇನೂ ಮಾಡಲಾರರು.

ಇನ್ನು ಕನ್ನಡದ ಮಾತು. ನಾನು ನೋಡಿದ ಯಾವ ಮನೆ ಪ್ರಿಂಟರಿನ ಪುಟ್ಟ ಪರದೆಯಲ್ಲೂ, ಯಾವ ರೂಟರಿನ ಪುಟದಲ್ಲೂ ಕನ್ನಡ ಇರಲಿಲ್ಲ. ಅಂದರೆ ಏನೂ ಹೇಳದ ಆ ಎರಡು ಪದವೂ ಇಂಗ್ಲಿಷಿನಲ್ಲಿ! ಕನ್ನಡದಲ್ಲಿ ಅಫಿಡವಿಟ್ ಬರೆಯುವ ವಕೀಲರಿಗೆ, ಕನ್ನಡ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯುವ ಮೇಷ್ಟರಿಗೆ ಆಗುವುದು ಎರಡು ಪಟ್ಟು ಕತ್ತಲೆ.

"ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಲ್ಲ" ಅನ್ನುವವರಿಗೂ ಒಂದು ಮಾತು. ಹೋಗುತ್ತದೆ, ಒಮ್ಮೊಮ್ಮೆ. ಯಾಕೆಂದರೆ ರೀಸ್ಟಾರ್ಟ್ ಆದಾಗ ಪ್ರಿಂಟರು ಮತ್ತೆ ವಿಳಾಸ ಕೇಳುತ್ತದೆ, ಅದೃಷ್ಟ ಇದ್ದರೆ ಹಳೆಯದೇ ಸಿಗುತ್ತದೆ. ಇದು ಲಾಟರಿ, ರಿಪೇರಿ ಅಲ್ಲ.

"ಈಗ ಎಲ್ಲ ಆಟೋಮ್ಯಾಟಿಕ್, ಡ್ರೈವರೂ ಬೇಡ" ಅನ್ನುವವರ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. 2010ರಲ್ಲಿ ಆ್ಯಪಲ್ ತಂದ ಏರ್‌ಪ್ರಿಂಟ್ ನಿಜಕ್ಕೂ ಒಳ್ಳೆಯದು. ಪ್ರಿಂಟರು ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತದೆ, ವಿಳಾಸ ಬದಲಾದರೂ ಹೆಸರು ಹಿಡಿದು ಹುಡುಕಬಹುದು. ಮೈಕ್ರೋಸಾಫ್ಟ್ ಕೂಡ 2023ರ ಸೆಪ್ಟೆಂಬರಿನಲ್ಲಿ, ಪ್ರಿಂಟರ್ ಕಂಪೆನಿಗಳ ಬೇರೆ ಬೇರೆ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕೈಬಿಡುತ್ತೇನೆ, ಎಲ್ಲರಿಗೂ ಒಂದೇ ಐಪಿಪಿ ದಾರಿ ಸಾಕು ಅಂತ ಪ್ರಕಟಿಸಿತು. ಒಳ್ಳೆಯದೇ ಆಯಿತು. ಆದರೆ ಆ ಕೂಗು ಕೇಳುವುದು ಒಂದೇ ಬೀದಿಯೊಳಗೆ ಮಾತ್ರ. ಎರಡು ರೂಟರಿನ ಮನೆಯಲ್ಲಿ, ಗೆಸ್ಟ್ ವೈಫೈನಲ್ಲಿ ಕೇಳುವುದಿಲ್ಲ. ಆಟೋಮ್ಯಾಟಿಕ್ ಕೈಕೊಟ್ಟ ದಿನ ಕೈಯಿಂದ ಮಾಡಲು ಅಂಕಿ ಗೊತ್ತಿರಬೇಕು. ಹುಡುಕಿಕೊಡುವುದು ಬೇಡ ಅನ್ನುತ್ತಿಲ್ಲ ನಾನು. ಹುಡುಕಲಾಗದಿದ್ದಾಗ ಸುಳ್ಳು ಹೇಳಬೇಡ ಅನ್ನುತ್ತಿದ್ದೇನೆ.

ಇದು ಇವತ್ತಿನ ಜಗಳವೂ ಅಲ್ಲ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪೆನಿಯ ಲೇಸರ್ ಪ್ರಿಂಟರೊಂದು ಬಂತು. ನೆಟ್‌ವರ್ಕಿಗೆ ಸೇರಿಸಿದ ಆ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ತಿಳಿಯುತ್ತಿರಲಿಲ್ಲ. ಹಿಂದಿನ ಪ್ರಿಂಟರಿನ ತಂತ್ರಾಂಶಕ್ಕೆ "ಹಾಳೆ ಸಿಕ್ಕಿಕೊಂಡಿದೆ, ಬಂದು ಬಿಡಿಸಿ" ಅಂತ ಹೇಳುವ ಬುದ್ಧಿ ಕಲಿಸಿದ್ದ ರಿಚರ್ಡ್ ಸ್ಟಾಲ್ಮನ್‌ಗೆ ಹೊಸದರಲ್ಲಿ ಅದನ್ನು ಮಾಡಲಾಗಲಿಲ್ಲ, ಮೂಲ ಸಂಕೇತವನ್ನೇ ಕೊಡಲಿಲ್ಲ. ಆ ಸಿಟ್ಟೂ ಸೇರಿಯೇ 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆ ಘೋಷಣೆಯಾಯಿತು. ಯೋಚಿಸಿ, ಸ್ವತಂತ್ರ ತಂತ್ರಾಂಶ ಚಳವಳಿಯ ಹಿಂದೆ ಇರುವುದು "ಪ್ರಿಂಟರು ತನಗೇನಾಗಿದೆ ಅಂತ ಹೇಳಲ್ಲ" ಅನ್ನುವ ದೂರು! ನಲವತ್ತು ವರ್ಷ ದಾಟಿತು. ಪ್ರಿಂಟರು ಈಗ ಹೇಳುತ್ತದೆ, ಕಂಪ್ಯೂಟರು ಅದನ್ನು ನಮ್ಮವರೆಗೆ ತರುವುದಿಲ್ಲ.

ಈ ಭಾನುವಾರ ಮಾಡಿ

ಬೈದದ್ದಾಯಿತು, ಈಗ ಮದ್ದು. ಶಾಶ್ವತ ಮದ್ದು ಒಂದೇ: ಪ್ರಿಂಟರಿಗೆ ಲೀಸ್ ಮನೆ ಬಿಡಿಸಿ ಸ್ವಂತ ಮನೆ ಮಾಡಿಕೊಡಿ.

ಆ ನೆಟ್‌ವರ್ಕ್ ಹಾಳೆಯಲ್ಲೇ "ಮ್ಯಾಕ್ ಅಡ್ರೆಸ್" ಅಂತ ಇರುತ್ತದೆ, ಆರು ಜೋಡಿ ಅಕ್ಷರ ಅಂಕಿಗಳು. ಅದು ಪ್ರಿಂಟರಿನ ಹುಟ್ಟುಗುರುತು. ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಪಾಸ್‌ವರ್ಡು ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಡಿಎಚ್‌ಸಿಪಿ ಪುಟದಲ್ಲಿ "ಅಡ್ರೆಸ್ ರಿಸರ್ವೇಶನ್" ಅನ್ನುವಲ್ಲಿ ಈ ಮ್ಯಾಕ್‌ಗೆ ಈ ಐಪಿ ಅಂತ ಬರೆದು ಉಳಿಸಿ. ಮುಗಿಯಿತು. ಇನ್ನು ಕರೆಂಟು ನೂರು ಸಲ ಹೋಗಲಿ, ವಿಳಾಸ ಅದೇ.

ಕೆಲವರು ಪ್ರಿಂಟರಿನಲ್ಲೇ ಸ್ಥಿರ ವಿಳಾಸ ಬರೆಯುತ್ತಾರೆ. ಅದೂ ಸರಿ, ಆದರೆ ರೂಟರು ಹಂಚುವ ಅಂಕಿಗಳ ವ್ಯಾಪ್ತಿಯ ಹೊರಗಿನದನ್ನು ಆರಿಸಿ. ಇಲ್ಲದಿದ್ದರೆ ಒಂದು ದಿನ ಅದೇ ವಿಳಾಸವನ್ನು ರೂಟರು ಟಿವಿಗೆ ಕೊಟ್ಟು, ಒಂದೇ ಮನೆಗೆ ಎರಡು ಸಂಸಾರ ಆಗುತ್ತದೆ.

ಎಚ್ಚರಿಕೆ ಒಂದಿದೆ. "ಪೋರ್ಟ್ ಓಪನ್ ಮಾಡಿದ್ರೆ ಸರಿಹೋಗುತ್ತೆ" ಅಂತ ಯಾರಾದರೂ ರೂಟರಿನ ಪೋರ್ಟ್ ಫಾರ್ವರ್ಡಿಂಗಿಗೆ ಕೈಹಾಕಿದರೆ ಕೈ ಹಿಡಿಯಿರಿ. ಮನೆಯೊಳಗಿನ ಪ್ರಿಂಟಿಗೂ ಅದಕ್ಕೂ ಸಂಬಂಧವಿಲ್ಲ, ಅದು ಬೀದಿಯವರಿಗೆ ಬಾಗಿಲು ತೆರೆಯುವುದು. 2018ರ ಕೊನೆಯಲ್ಲಿ ಹೀಗೆ ಇಂಟರ್ನೆಟ್ಟಿಗೆ ತೆರೆದಿದ್ದ ಸುಮಾರು 50,000 ಪ್ರಿಂಟರುಗಳಲ್ಲಿ, ಒಬ್ಬ ಯೂಟ್ಯೂಬರನನ್ನು ಬೆಂಬಲಿಸಿ ಅಂತ ಹಾಳೆಗಳು ತಾವಾಗಿ ಪ್ರಿಂಟ್ ಆಗಿ ಬಂದವು. ಬಾಗಿಲು ಅದೇ 9100.

ಇನ್ನು ಕೆಲವು ಇಂಟರ್ನೆಟ್ ಕಂಪೆನಿಗಳು ರೂಟರಿನ ಪಾಸ್‌ವರ್ಡನ್ನೇ ಕೊಡುವುದಿಲ್ಲ, ಅಥವಾ ಕೊಟ್ಟ ಲಾಗಿನ್‌ನಲ್ಲಿ ಈ ಪುಟ ಕಾಣದಂತೆ ಮಾಡಿರುತ್ತಾರೆ. ನಮ್ಮ ಮನೆ, ನಮ್ಮ ಪ್ರಿಂಟರು, ನಮ್ಮ ಕರೆಂಟು, ಬೀಗದ ಕೈ ಮಾತ್ರ ಅವರ ಹತ್ತಿರ! ಕೇಳಿ. ಕೇಳುವುದು ನಿಮ್ಮ ಹಕ್ಕು. ಇವರು ಕೇಳುತ್ತಾರೆ ಅಂತ ಗೊತ್ತಾದರೆ ಕೊಡುತ್ತಾರೆ.

ಮತ್ತೆ ನಮ್ಮ ಸಾಫ್ಟ್‌ವೇರ್ ಬಂಧುಗಳಿಗೆ ಒಂದು ಬಿನ್ನಹ. ಊರಿಂದ ಅಪ್ಪನೋ ಅತ್ತೆಯೋ ಫೋನ್ ಮಾಡಿದಾಗ "ರೀಸ್ಟಾರ್ಟ್ ಮಾಡಿ" ಅಂತ ಹೇಳಿ ಫೋನ್ ಇಡುವುದು ಇಂಜಿನಿಯರ್ ಲಕ್ಷಣ ಅಲ್ಲ. ಹಬ್ಬಕ್ಕೆ ಹೋದಾಗ ಹತ್ತು ನಿಮಿಷ ಕೂತು ವಿಳಾಸ ರಿಸರ್ವ್ ಮಾಡಿ. ಒಂದು ಚೀಟಿಯಲ್ಲಿ, ಕನ್ನಡದಲ್ಲಿ, "ಪ್ರಿಂಟರ್ ವಿಳಾಸ: 192.168.1.20. ಬರದಿದ್ದರೆ ಬ್ರೌಸರಿನಲ್ಲಿ ಇದನ್ನು ಬರೆದು ನೋಡಿ" ಅಂತ ಬರೆದು ಪ್ರಿಂಟರಿನ ನೆತ್ತಿಗೆ ಅಂಟಿಸಿ. ಮುಂದಿನ ಸಲ ಅವರೇ ನೋಡಿಕೊಳ್ಳುತ್ತಾರೆ, ಯಾರದೋ ಮಾತು ಕೇಳಿ ಫಾರ್ಮ್ಯಾಟಿಗೆ ಕೊಡುವುದಿಲ್ಲ. ಕೋಟಿಗಟ್ಟಲೆ ಬಂಡವಾಳದ ಕಂಪೆನಿಗಳು ಬರೆಯದೆ ಬಿಟ್ಟ ಎರರ್ ಮೆಸೇಜನ್ನು ಒಂದು ಚೀಟಿಯಲ್ಲಿ ನಾವು ಬರೆಯಬಹುದು.

ಏನಂತೀರಿ?

ತಾ.ಕ.: ಪ್ರಿಂಟರಿನ ಮೇಲೆ ಚೀಟಿ ಅಂಟಿಸಿದರೆ ಅಂದ ಕೆಡುತ್ತದೆ ಅನ್ನುವವರು ಟ್ರೇ ಒಳಗಡೆ ಅಂಟಿಸಿಕೊಳ್ಳಿ. ಹಾಳೆ ಹಾಕುವಾಗಲಾದರೂ ಕಾಣುತ್ತದೆ :-)